ಕ್ವಾಲಿಟಿ ಕೆಡದಂತೆ ಚಿಕ್ಕದು ಮಾಡ್ತೀವಿ ಅನ್ನೋರ ಮಾತು ನಂಬಿ...

"ಮೂರು ಜಿಬಿ ಸಿನಿಮಾನ ಮುನ್ನೂರು ಎಂಬಿಗೆ ಇಳಿಸಿ, ಕ್ವಾಲಿಟಿ ಒಂಚೂರೂ ಕೆಡಲ್ಲ!" ಈ ಥರದ ಜಾಹೀರಾತನ್ನು ನೀವೂ ನೋಡಿರ್ತೀರಿ. ವಿಡಿಯೋ ಕನ್ವರ್ಟರ್ ಅನ್ನೋ ಹೆಸರಿನ ತಂತ್ರಾಂಶಗಳು ಇಪ್ಪತ್ತು-ಇಪ್ಪತ್ತೈದು ವರ್ಷದಿಂದ ಇದೇ ಪಲ್ಲವಿ ಹಾಡುತ್ತಾ ಬಂದಿವೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಈ ಮಾತು ಅರ್ಧ ನಿಜ. ಫೈಲನ್ನು ಚಿಕ್ಕದು ಮಾಡೋದರಲ್ಲಿ ತಪ್ಪೇನಿಲ್ಲ, ನಾನೂ ಮಾಡ್ತೀನಿ. ಆದರೆ ಆ ಅರ್ಧ ನಿಜವನ್ನು ಪೂರ್ತಿ ನಂಬಿ, ಚಿಕ್ಕದನ್ನು ಇಟ್ಟುಕೊಂಡು ಮೂಲವನ್ನು ಅಳಿಸಿಬಿಡ್ತಾರಲ್ಲ, ನನ್ನ ತಕರಾರು ಇರೋದು ಅಲ್ಲಿ.

ನಾನು ಗದಗದ ಕಡೆಯವನು. ನಾಶಿಕಿಗೆ ಬಂದು ಮೂವತ್ತು ವರ್ಷದ ಮೇಲಾಯ್ತು. ಕೆಲಸದ ನಿಮಿತ್ತ ಲಾಸಲಗಾಂವ್‌ಗೆ ಆಗಾಗ ಹೋಗಿಬರೋದು ಇದ್ದೇ ಇದೆ. ನಿಫಾಡ್ ತಾಲೂಕಿನ ಈ ಊರಿನ ಹೆಸರು ನಿಮಗೆ ಗೊತ್ತೇ ಇರುತ್ತೆ, ದೇಶದಲ್ಲಿ ಉಳ್ಳಾಗಡ್ಡಿ ರೇಟು ಏರಿದಾಗಲೂ ಇಳಿದಾಗಲೂ ಪೇಪರಿನಲ್ಲಿ ಮೊದಲು ಬರೋದು ಇದೇ. (ಬೆಂಗಳೂರಿನವರು ಈರುಳ್ಳಿ ಅಂತ ಓದಿಕೊಳ್ಳಿ, ಇಲ್ಲಿನವರಿಗೆ ಅದು ಕಾಂದಾ.) ಸಿನಿಮಾ ಫೈಲಿಗೂ ಉಳ್ಳಾಗಡ್ಡಿಗೂ ಏನು ಸಂಬಂಧ ಅಂತ ಕೇಳಬೇಡಿ, ಸಂಬಂಧ ಇದೆ. ಈ ಊರಿನವರಿಗೆ ಕಂಪ್ರೆಷನ್ ಅಂದರೇನು ಅಂತ ಉಳ್ಳಾಗಡ್ಡಿ ಇಟ್ಟುಕೊಂಡೇ ಹೇಳಿಕೊಟ್ಟಿದ್ದೀನಿ, ಅವರಿಗೆ ಬೇಗ ಅರ್ಥವಾಗಿದೆ.

ಉಳ್ಳಾಗಡ್ಡಿ ಕಡಿಮೆ ಜಾಗದಲ್ಲಿ ಹಿಡಿಸಬೇಕು ಅಂದರೆ ಎರಡು ದಾರಿ. ಒಂದು, ಚೀಲವನ್ನು ಒಪ್ಪವಾಗಿ ತುಂಬೋದು. ಬಿಚ್ಚಿ ಸುರಿದರೆ ಅಷ್ಟೂ ಗಡ್ಡಿ ಹಾಗೇ ಸಿಗುತ್ತೆ. ಕಂಪ್ಯೂಟರಿನಲ್ಲಿ ಜಿಪ್ ಮಾಡೋದು ಅಂದರೆ ಇದು. ಇನ್ನೊಂದು, ಹೆಚ್ಚಿ ಒಣಗಿಸೋದು. ಉಳ್ಳಾಗಡ್ಡಿಯಲ್ಲಿ ಇರೋದೇ ಬಹುಪಾಲು ನೀರು, ಎಂಟು-ಹತ್ತು ಕಿಲೋ ಒಣಗಿಸಿದರೆ ಒಂದು ಕಿಲೋ ಆಗುತ್ತೆ. ಆ ಒಣ ಚೂರು ಸಾರಿಗೆ ಹಾಕಿದರೆ ಊಟ ಮಾಡುವವನಿಗೆ ವ್ಯತ್ಯಾಸ ಗೊತ್ತಾಗದೇ ಇರಬಹುದು. ಆದರೆ ಎಷ್ಟೇ ನೀರಲ್ಲಿ ನೆನೆಸಿದರೂ ಅದು ಮತ್ತೆ ಇಡೀ ಗಡ್ಡಿ ಆಗಲ್ಲ. ಸಿನಿಮಾ ಫೈಲನ್ನು ಚಿಕ್ಕದು ಮಾಡೋದು ಈ ಎರಡನೇ ದಾರಿ.

ಜಿಪ್ ದಾರಿ ಯಾಕಾಗಲ್ಲ ಅಂತ ಕೇಳಿದರೆ ಸ್ವಲ್ಪ ಲೆಕ್ಕ ನೋಡಿ. ಫುಲ್ ಎಚ್‌ಡಿ ಅಂದರೆ 1920 ಅಗಲ, 1080 ಎತ್ತರ, ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕಿ. ಚುಕ್ಕಿಗೆ ಮೂರು ಬೈಟಿನಂತೆ ಒಂದು ಚಿತ್ರಕ್ಕೆ 6 ಎಂಬಿಗಿಂತ ಸ್ವಲ್ಪ ಜಾಸ್ತಿ. ಸೆಕೆಂಡಿಗೆ 24 ಚಿತ್ರ, ಅಂದರೆ ಹತ್ತಿರ ಹತ್ತಿರ 150 ಎಂಬಿ. ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ 1,300 ಜಿಬಿ ದಾಟುತ್ತೆ! ಒಂದು ಪದರದ ಡಿವಿಡಿಯಲ್ಲಿ ಹಿಡಿಸೋದು 4.7 ಜಿಬಿ. ಡಿವಿಡಿಯ ಚಿತ್ರ ಇದಕ್ಕಿಂತ ಚಿಕ್ಕದು, ನಿಜ. ಆದರೂ ಬರೀ ಒಪ್ಪವಾಗಿ ಜೋಡಿಸಿ ಅಷ್ಟು ಇಳಿಸಕ್ಕೆ ಆಗಲ್ಲ, ಏನನ್ನಾದರೂ ಬಿಸಾಡಲೇಬೇಕು. ಇದರಲ್ಲೇ ಇನ್ನೊಂದು ವಿಷಯವೂ ಅಡಗಿದೆ. ನಿಮ್ಮ ಕೈಗೆ ಬರೋ ಫೈಲು, ಡಿವಿಡಿ ಆಗಲಿ, ಫೋನಿನಲ್ಲಿ ತೆಗೆದದ್ದಾಗಲಿ, ಆಗಲೇ ಒಂದು ಸಲ ಒಣಗಿಸಿದ್ದು. ನೀವು ಕನ್ವರ್ಟ್ ಮಾಡೋದು ಅಂದರೆ ಒಣಗಿಸಿದ್ದನ್ನು ಇನ್ನೊಂದು ಸಲ ಒಣಗಿಸೋದು.

ಬಿಸಾಡೋದನ್ನು ಬಹಳ ಜಾಣತನದಿಂದ ಬಿಸಾಡ್ತಾರೆ, ಅದನ್ನು ಒಪ್ಪಲೇಬೇಕು. ನಮ್ಮ ಕಣ್ಣಿಗೆ ಬೆಳಕಿನ ವ್ಯತ್ಯಾಸ ಕಂಡಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸ ಕಾಣಲ್ಲ, ಹಾಗಾಗಿ ಬಣ್ಣದ ವಿವರದಲ್ಲಿ ಮುಕ್ಕಾಲು ಪಾಲು ಮೊದಲೇ ಹೋಗುತ್ತೆ. ಆಮೇಲೆ ಪ್ರತಿ ಚಿತ್ರವನ್ನೂ ಪೂರ್ತಿ ಬರೆಯಲ್ಲ. ಒಂದನ್ನು ಪೂರ್ತಿ ಬರೆದು, ಮುಂದಿನವುಗಳಲ್ಲಿ ಏನು ಬದಲಾಯ್ತು ಅಷ್ಟನ್ನೇ ಬರೆದಿಡ್ತಾರೆ. ರಾಜ್‌ಕುಮಾರ್ ನಿಂತು ಮಾತಾಡುವ ದೃಶ್ಯದಲ್ಲಿ ಹಿಂದಿನ ಗೋಡೆ ಅಲ್ಲಾಡಲ್ಲ, ತುಟಿ ಕಣ್ಣು ಮಾತ್ರ ಅಲ್ಲಾಡುತ್ತೆ. ಗೋಡೆಯನ್ನು ಮತ್ತೆ ಮತ್ತೆ ಬರೆಯೋದು ಯಾಕೆ? ಕೊನೆಗೆ ಚಿತ್ರವನ್ನು ಚಿಕ್ಕ ಚಿಕ್ಕ ಚೌಕ ಮಾಡಿ, ಪ್ರತಿ ಚೌಕದಲ್ಲೂ ಸೂಕ್ಷ್ಮ ವಿವರಗಳನ್ನು ಅಂದಾಜು ಮಾಡಿ ಮಟ್ಟ ಮಾಡಿಬಿಡ್ತಾರೆ. ಎಷ್ಟು ಮಟ್ಟ ಮಾಡ್ತೀವೋ ಅಷ್ಟು ಫೈಲು ಚಿಕ್ಕದು.

ಇದು ಕೈಕೊಡೋದು ಎಲ್ಲಿ ಅಂದರೆ ಇಡೀ ಚಿತ್ರ ಒಟ್ಟಿಗೇ ಅಲ್ಲಾಡುವಾಗ. 'ಮುಂಗಾರು ಮಳೆ' ನೆನಪು ಮಾಡಿಕೊಳ್ಳಿ, 2006ರ ಕೊನೆಯಲ್ಲಿ ಬಂದದ್ದು. ಸಿನಿಮಾದ ಜೀವಾಳವೇ ಮಳೆ. ಕಂಪ್ರೆಷನ್‌ಗೆ ಮಳೆಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ ಸ್ವಾಮಿ. ಒಂದೊಂದು ಹನಿಯೂ ಪ್ರತಿ ಚಿತ್ರದಲ್ಲಿ ಬೇರೆ ಕಡೆ ಇರುತ್ತೆ, ಹಿಂದಿನ ಚಿತ್ರದಿಂದ ಎತ್ತಿಕೊಳ್ಳೋದಕ್ಕೆ ಏನೂ ಸಿಗಲ್ಲ. ಅಂಥ ಸಿನಿಮಾನ ಒಂದು ಸಿಡಿಯ 700 ಎಂಬಿಗೆ ತುರುಕಿದರೆ ಸೆಕೆಂಡಿಗೆ ಸಿಗೋದು ಧ್ವನಿಯೂ ಸೇರಿ ಸುಮಾರು 620 ಕಿಲೋಬಿಟ್. ಮಳೆ ಹೋಗಿ ಮೊಸಾಯಿಕ್ ನೆಲ ಆಗುತ್ತೆ. ಹೊಗೆ, ಜಾತ್ರೆಯ ಗದ್ದಲ, ನೀರಿನ ಅಲೆ, ಹಳೇ ಫಿಲ್ಮಿನ ಕಾಳುಕಾಳು, ಇವೆಲ್ಲಾ ಇದೇ ಜಾತಿ. ಅದಕ್ಕೇ "ಇಷ್ಟು ಎಂಬಿ ಇದ್ದರೆ ಸಾಕು" ಅನ್ನೋ ಲೆಕ್ಕ ಎಲ್ಲ ಸಿನಿಮಾಕ್ಕೂ ಒಂದೇ ಥರ ಒಗ್ಗಲ್ಲ.

ಈಗ ಒಂದು ನಿಜ ಸಂಗತಿ. ಲಾಸಲಗಾಂವ್‌ನಲ್ಲಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಕಡೆಯವರೊಬ್ಬರಿದ್ದಾರೆ. ಹೋದ ವರ್ಷ ಒಂದು ಫೈಲು ತಂದು "ಇದನ್ನ ಸ್ವಲ್ಪ ಕ್ಲಿಯರ್ ಮಾಡಿಕೊಡ್ರೀ" ಅಂದರು. ಇಪ್ಪತ್ತು ವರ್ಷಕ್ಕೂ ಹಿಂದೆ ಊರಲ್ಲಿ ಆದ ಅವರ ಮದುವೆಯದ್ದು. ಅದರಲ್ಲಿ ಅವರ ತಾಯಿ ಸೋಬಾನೆ ಹಾಡಿದ ನಾಲ್ಕು ನಿಮಿಷ ಇದೆ. ತಾಯಿ ಈಗ ಇಲ್ಲ, ಅವರ ಧ್ವನಿ ಇರೋದು ಇದೊಂದರಲ್ಲೇ.

ಆ ಫೈಲಿನ ಜಾತಕ ಕೇಳಿ. ಮೊದಲು ಟೇಪಿನಲ್ಲಿ ಚಿತ್ರೀಕರಣ. ಸ್ಟುಡಿಯೋದವರು ವಿಸಿಡಿ ಮಾಡಿಕೊಟ್ಟು ಟೇಪನ್ನು ಇನ್ನೊಬ್ಬರ ಮದುವೆಗೆ ಬಳಸಿಕೊಂಡರು. ಆಗ ಅದು ಬಹಳ ಕಡೆ ನಡೀತಿದ್ದ ರೂಢಿ. ವಿಸಿಡಿಯ ಚಿತ್ರ 352 ಅಗಲ, 288 ಎತ್ತರ. ನಾಲ್ಕೈದು ವರ್ಷದ ಮೇಲೆ ಮೊಬೈಲಿನಲ್ಲಿ ನೋಡಬೇಕು ಅಂತ ಅಂಗಡಿಯೊಂದರಲ್ಲಿ 3ಜಿಪಿ ಮಾಡಿಸಿದರು, ಅದು 176 ಅಗಲ, 144 ಎತ್ತರ. ಚುಕ್ಕಿ ಲೆಕ್ಕದಲ್ಲಿ ವಿಸಿಡಿಯ ಕಾಲು ಭಾಗ. ವಿಸಿಡಿ ಗೀರು ಬಿದ್ದು ಹಾಳಾಯ್ತು. 3ಜಿಪಿ ಉಳೀತು, ವಾಟ್ಸಾಪಿನಲ್ಲಿ ಅಣ್ಣತಮ್ಮಂದಿರ ನಡುವೆ ಓಡಾಡ್ತು, ಅಲ್ಲಿ ಮತ್ತೆ ಹಿಂಡಿಸಿಕೊಳ್ತು. ಕೊನೆಗೆ ಯಾರೋ ಪುಣ್ಯಾತ್ಮರು ಕನ್ವರ್ಟರಿನಲ್ಲಿ ಹಾಕಿ 1080 ಮಾಡಿಕೊಟ್ಟರು. ಫೈಲಿನ ಸೈಜು ಹತ್ತು ಪಟ್ಟು ಬೆಳೆದಿತ್ತು. ಹೆಸರಿನಲ್ಲಿ ಎಚ್‌ಡಿ ಅಂತಲೂ ಇತ್ತು. ತಾಯಿಯ ಮುಖದಲ್ಲಿ ಕಣ್ಣು ಮೂಗು ಬೇರೆಬೇರೆ ಕಾಣ್ತಿರಲಿಲ್ಲ.

ಧ್ವನಿಯ ಕಥೆ ಇನ್ನೂ ಬೇಸರದ್ದು. ಆ ಕಾಲದ 3ಜಿಪಿಯಲ್ಲಿ ಸಾಮಾನ್ಯವಾಗಿ ಇರ್ತಿದ್ದದ್ದು ಫೋನಿನ ಮಾತಿಗಾಗಿ ಮಾಡಿದ ಎಎಂಆರ್ ಅನ್ನೋ ಪದ್ಧತಿ. "ಹಲೋ, ಎಲ್ಲಿದ್ದೀರಾ" ಅನ್ನೋದಕ್ಕೆ ಅದು ಸಾಕು, ಹಾಡಿಗಲ್ಲ. ಬಳೆಯ ಸದ್ದು, ಹಿಂದೆ ದನಿಗೂಡಿಸಿದ ಹೆಂಗಸರ ಕೊರಳು ಎಲ್ಲಾ ಅದರಲ್ಲಿ ಹೋಗಿಬಿಡುತ್ತೆ. ನಾನು ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ, ಇದರೊಳಗೆ ಇಲ್ಲದ್ದನ್ನು ಯಾವ ತಂತ್ರಾಂಶವೂ ತರೋದಕ್ಕೆ ಆಗಲ್ಲ ಅಂತ. ಈಗ ಕೃತಕ ಬುದ್ಧಿಮತ್ತೆಯಿಂದ ಮುಖ ತಿದ್ದಿ ಸ್ಪಷ್ಟ ಮಾಡುವ ಸಾಧನಗಳು ಬಂದಿವೆ. ಅವು ಕೊಡೋದು ಅಂದಾಜಿನ ಮುಖ. ನೋಡೋಕೆ ಚೆಂದ ಇರಬಹುದು, ಅದು ಅವರ ತಾಯಿಯ ಮುಖ ಅಲ್ಲ.

ಇಲ್ಲಿನ ಹರಾಜಿನಲ್ಲಿ ನಾನು ಗಮನಿಸಿದ್ದು ಏನು ಅಂದರೆ, ಟ್ರ್ಯಾಕ್ಟರಿನ ಮೇಲ್ಗಡೆ ಕಾಣೋ ಗಡ್ಡಿ ಮಾತ್ರ ನೋಡಿ ರೇಟು ಕೂಗೋ ವ್ಯಾಪಾರಿ ಇಲ್ಲ. ಕೈ ಹಾಕಿ ಒಳಗಿಂದ ತೆಗೆದು ನೋಡ್ತಾನೆ. ನಾವು ಮಾತ್ರ ಫೈಲಿನ ಮೇಲೆ 1080 ಅಂತ ಬರೆದದ್ದು ನೋಡಿ ಖುಷಿಪಡ್ತೀವಿ.

"ಅಯ್ಯೋ, ಅದೆಲ್ಲಾ ಹಳೇ ಕಾಲ. ಈಗಿನ ಕೋಡೆಕ್‌ಗಳು ಬಹಳ ಮುಂದುವರಿದಿವೆ" ಅಂತ ಯಾರಾದರೂ ಹೇಳಬಹುದು. ಹೌದು, ಮುಂದುವರಿದಿವೆ. 2003ರಲ್ಲಿ ಎಚ್.264 ಬಂತು, 2013ರಲ್ಲಿ ಎಚ್.265, 2018ರಲ್ಲಿ ಎವಿ1. ಎಚ್.264ರಲ್ಲಿ ಬೇಕಾಗೋ ಜಾಗದ ಹೆಚ್ಚುಕಡಿಮೆ ಅರ್ಧದಲ್ಲೇ ಎಚ್.265 ಅದೇ ಥರದ ಚಿತ್ರ ಕೊಡುತ್ತೆ. ಸರಿಯಾಗಿ ಮಾಡಿದರೆ ಟಿವಿ ಮುಂದೆ ಕೂತ ನಿಮಗೆ ಮೂಲಕ್ಕೂ ನಕಲಿಗೂ ವ್ಯತ್ಯಾಸ ಗೊತ್ತಾಗದೇ ಇರಬಹುದು. ಜಾಹೀರಾತಿನ ಅರ್ಧ ನಿಜ ಅಂದೆನಲ್ಲ, ಅದು ಇದೇ.

ಆದರೆ ಗೊತ್ತಾಗಲ್ಲ ಅನ್ನೋದು ಇವತ್ತಿನ ಪರದೆಯಲ್ಲಿ. ನಮ್ಮ ಮನೆಯಲ್ಲಿ 21 ಇಂಚಿನ ಡಬ್ಬಾ ಟಿವಿ ಇದ್ದಾಗ ವಿಸಿಡಿಯನ್ನು ಯಾರೂ ಬೈದಿರಲಿಲ್ಲ. ಎಷ್ಟು ಚೆನ್ನಾಗಿದೆ ಅಂತಲೇ ಅನ್ನಿಸ್ತಿತ್ತು. ಈಗಿನ ಫುಲ್ ಎಚ್‌ಡಿ ಟಿವಿಯಲ್ಲಿ ವಿಸಿಡಿಗಿಂತ 20 ಪಟ್ಟು ಚುಕ್ಕಿ ಇದೆ, 4ಕೆ ಟಿವಿಯಲ್ಲಿ 80 ಪಟ್ಟಿಗೂ ಜಾಸ್ತಿ. ಅದೇ ವಿಸಿಡಿಯನ್ನು ಇದರಲ್ಲಿ ಹಾಕಿದರೆ ಚಾಳೀಸು ಮರೆತು ಕೂತ ಹಾಗಿರುತ್ತೆ. ಕ್ವಾಲಿಟಿ ಕೆಟ್ಟಿಲ್ಲ ಅಂತ ತೀರ್ಪು ಕೊಡೋದು ಇವತ್ತಿನ ಪರದೆ. ಫೈಲನ್ನು ನೋಡಬೇಕಾದದ್ದು ಇಪ್ಪತ್ತು ವರ್ಷದ ಮೇಲಿನ ಪರದೆ. ಆ ಪರದೆ ಹೇಗಿರುತ್ತೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದಕ್ಕೇ ಮೂಲ ಬೇಕು.

ಇದು ಮನೆಯ ಮದುವೆ ಕ್ಯಾಸೆಟ್ಟಿನ ಮಾತು ಮಾತ್ರ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು. ಅದರ ಚಿತ್ರೀಕರಣ ಆದದ್ದು ನಾನಿರುವ ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ನಾಗೇಂದ್ರರಾಯರ ಅಭಿನಯ. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಕನ್ನಡ ಮೊದಲ ಸಲ ತೆರೆಯ ಮೇಲೆ ಹೇಗೆ ಮಾತಾಡಿತು ಅಂತ ಕೇಳುವ ಭಾಗ್ಯ ನಮಗಿಲ್ಲ. ನಾಶಿಕದ ದಾದಾಸಾಹೇಬ್ ಫಾಳ್ಕೆಯವರ ಕಥೆಯೂ ಇಂಥದ್ದೇ. ಇಲ್ಲೇ ತ್ರ್ಯಂಬಕದಲ್ಲಿ ಹುಟ್ಟಿದವರು. ಅವರ 1913ರ 'ರಾಜಾ ಹರಿಶ್ಚಂದ್ರ'ದಲ್ಲಿ ಉಳಿದಿರೋದು ಸ್ವಲ್ಪ ಭಾಗ ಮಾತ್ರ. ಅದು ಕೂಡ 1917ರಲ್ಲಿ ಅವರು ಮತ್ತೆ ತೆಗೆದ ಆವೃತ್ತಿಯದ್ದು ಅನ್ನೋ ವಾದ ಇದೆ.

ಇದಕ್ಕೆ ಎದುರಾಗಿ 'ಘಟಶ್ರಾದ್ಧ' ನೋಡಿ. ಗಿರೀಶ್ ಕಾಸರವಳ್ಳಿಯವರ 1977ರ ಕಪ್ಪುಬಿಳುಪು ಸಿನಿಮಾ. ಅದರ ಮೂಲ ಕ್ಯಾಮೆರಾ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಜೊತೆ ಸೇರಿ ಅದನ್ನು 4ಕೆಯಲ್ಲಿ ಪುನರುಜ್ಜೀವನ ಮಾಡಿದರು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. 1977ರಲ್ಲಿ 4ಕೆ ಅನ್ನೋ ಮಾತೇ ಇರಲಿಲ್ಲ. ಆ ನೆಗೆಟಿವ್ ಇಟ್ಟುಕೊಂಡವರು 4ಕೆ ಬರುತ್ತೆ ಅಂತ ಲೆಕ್ಕ ಹಾಕಿ ಇಟ್ಟುಕೊಂಡದ್ದಲ್ಲ. ಮೂಲ ಅಂತ ಇಟ್ಟುಕೊಂಡರು, ಅಷ್ಟೇ. ಅದರ ಒಂದು ವಿಸಿಡಿ ಮಾತ್ರ ಉಳಿದಿದ್ದರೆ ಏನು ಪುನರುಜ್ಜೀವನ ಮಾಡ್ತಿದ್ದರು ಹೇಳಿ?

ಇರಲಿ, ಬರೀ ತತ್ವ ಹೇಳಿ ಸುಮ್ಮನಾಗೋದು ಸರಿಯಲ್ಲ. ಫೈಲು ಚಿಕ್ಕದು ಮಾಡೋ ಅಗತ್ಯ ಎಲ್ಲರಿಗೂ ಬರುತ್ತೆ. ನಾನು ಅನುಸರಿಸೋ ಕೆಲವು ಕ್ರಮಗಳನ್ನು ಹೇಳ್ತೀನಿ.

ಮೊದಲನೆಯದು, ನಿಜಕ್ಕೂ ಕನ್ವರ್ಟ್ ಮಾಡಬೇಕಾ ನೋಡಿ. ಎಂಕೆವಿ, ಎಂಪಿ4 ಅನ್ನೋದು ಚೀಲದ ಹೆಸರು, ಒಳಗಿನ ಮಾಲಿನದ್ದಲ್ಲ. ಟಿವಿ ಎಂಕೆವಿ ತೆಗೆದುಕೊಳ್ಳಲ್ಲ ಅಂದರೆ ಎಷ್ಟೋ ಸಲ ಚೀಲ ಬದಲಿಸಿದರೆ ಸಾಕು. ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ತಂತ್ರಾಂಶ ಈ ಕೆಲಸವನ್ನು ಒಂದೆರಡು ನಿಮಿಷದಲ್ಲಿ ಮಾಡುತ್ತೆ, ಚಿತ್ರದ ಒಂದು ಚುಕ್ಕಿಯೂ ಬದಲಾಗಲ್ಲ. ಇದಕ್ಕೆ ಮೂರು ಗಂಟೆ ಕಂಪ್ಯೂಟರ್ ಬಿಸಿ ಮಾಡಿ ಕ್ವಾಲಿಟಿ ಕಳಕೊಳ್ಳೋರು ಇದ್ದಾರೆ.

ಎರಡನೆಯದು, ಚಿಕ್ಕದು ಮಾಡಲೇಬೇಕು ಅಂದರೆ ಯಾವಾಗಲೂ ಮೂಲದಿಂದಲೇ ಮಾಡಿ, ಮಾಡಿದ್ದರಿಂದ ಮತ್ತೆ ಮಾಡಬೇಡಿ. ಫೋನಿಗೊಂದು, ಟಿವಿಗೊಂದು ಬೇಕಾದರೆ ಎರಡನ್ನೂ ಮೂಲದಿಂದ ಬೇರೆಬೇರೆ ತೆಗೆಯಿರಿ.

ಮೂರನೆಯದು, "ಇಷ್ಟೇ ಎಂಬಿ ಆಗಬೇಕು" ಅಂತ ಹಟ ಹಿಡೀಬೇಡಿ. ಹ್ಯಾಂಡ್‌ಬ್ರೇಕ್ ಅನ್ನೋ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಆರ್‌ಎಫ್ ಅಂತ ಒಂದು ಅಂಕಿ ಇದೆ. ಅದು ಗುಣಮಟ್ಟದ ಅಂಕಿ, ಕಡಿಮೆ ಇದ್ದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಡಿವಿಡಿ ಮಟ್ಟದ ಚಿತ್ರಕ್ಕೆ 18ರಿಂದ 22, ಫುಲ್ ಎಚ್‌ಡಿಗೆ 20ರಿಂದ 24 ಇಟ್ಟರೆ ಸಾಮಾನ್ಯವಾಗಿ ಒಳ್ಳೇ ಫಲಿತಾಂಶ. ಮಳೆ ಬಂದ ಕಡೆ ಹೆಚ್ಚು ಜಾಗ, ಗೋಡೆ ಇದ್ದ ಕಡೆ ಕಡಿಮೆ ಜಾಗ ಅಂತ ಅದೇ ಹಂಚಿಕೊಳ್ಳುತ್ತೆ. ವೇಗವನ್ನು 'ಸ್ಲೋ' ಕಡೆಗಿಡಿ, ರಾತ್ರಿ ಹಚ್ಚಿ ಮಲಗಿ. ಇಡೀ ಸಿನಿಮಾಕ್ಕೆ ಕೈಹಾಕೋ ಮೊದಲು ಅತಿ ಕಷ್ಟದ ಎರಡು ನಿಮಿಷದ ದೃಶ್ಯ ಮಾತ್ರ ಮಾಡಿ ದೊಡ್ಡ ಪರದೆಯಲ್ಲಿ ನೋಡಿ.

ನಾಲ್ಕನೆಯದು, ಚಿಕ್ಕ ಚಿತ್ರವನ್ನು ದೊಡ್ಡದು ಮಾಡಿ ಉಳಿಸಬೇಡಿ. ಆ ಕೆಲಸ ಟಿವಿಯೇ ಮಾಡಿಕೊಳ್ಳುತ್ತೆ. ಹಳೇ ಕ್ಯಾಸೆಟ್ಟಿನ ವಿಡಿಯೋದಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದು ಇಂಟರ್‌ಲೇಸ್ ಪದ್ಧತಿಯದ್ದು, ನೋಡೋ ಪ್ರತಿಯಲ್ಲಿ ಮಾತ್ರ ಅದನ್ನು ತೆಗೆಸಿ, ಮೂಲದಲ್ಲಿ ಹಾಗೇ ಇರಲಿ.

ಐದನೆಯದು, ಮನೆಯ ವಿಡಿಯೋ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ. 2022ರಿಂದ 2 ಜಿಬಿವರೆಗೆ ಹೋಗುತ್ತೆ, ಹಿಂಡುವುದಿಲ್ಲ.

ಕೊನೆಯದು, ಕಪಾಟಿನಲ್ಲಿ ಕ್ಯಾಸೆಟ್ಟುಗಳಿದ್ದರೆ ಈ ವರ್ಷವೇ ಕಂಪ್ಯೂಟರಿಗೆ ಇಳಿಸಿ. ವಿಸಿಆರ್ ಮಾಡ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್ 2016ರಲ್ಲೇ ನಿಲ್ಲಿಸಿಬಿಟ್ಟಿದೆ. ಕ್ಯಾಸೆಟ್ಟು ಚೆನ್ನಾಗಿದ್ದು ಅದನ್ನು ಓಡಿಸೋ ಯಂತ್ರ ಇಲ್ಲದ ದಿನ ದೂರ ಇಲ್ಲ.

"ಎಲ್ಲಾ ಮೂಲನೂ ಇಟ್ಟುಕೊಂಡರೆ ಜಾಗ ಎಲ್ಲಿ, ದುಡ್ಡು ಎಲ್ಲಿ?" ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಎಲ್ಲಾ ಇಡಬೇಕು ಅಂತ ನಾನೂ ಹೇಳಲ್ಲ. ದಿನಾ ಬೆಳಗ್ಗೆ ಬರೋ ಶುಭೋದಯದ ವಿಡಿಯೋ ಅಳಿಸಿ, ಪುಣ್ಯ ಬರುತ್ತೆ. ಅಂಗಡಿಯಲ್ಲಿ ಮತ್ತೆ ಸಿಗೋ, ನೆಟ್‌ನಲ್ಲಿ ಚಂದಾ ಕಟ್ಟಿ ನೋಡಬಹುದಾದ ಸಿನಿಮಾದ ಚಿಕ್ಕ ಪ್ರತಿ ಇದ್ದರೂ ನಡೆಯುತ್ತೆ. ಆದರೆ ಜಗತ್ತಿನಲ್ಲಿ ನಿಮ್ಮ ಹತ್ತಿರ ಮಾತ್ರ ಇರೋದು ಕೆಲವಿರುತ್ತೆ. ಅಜ್ಜನ ಮಾತು, ಊರಿನ ತೇರು, ನಿಮ್ಮೂರ ಹವ್ಯಾಸಿ ತಂಡದ ನಾಟಕ. ಇಲ್ಲಿನ ರೈತರು ಉಳ್ಳಾಗಡ್ಡಿಗೆ ಎಷ್ಟೇ ರೇಟು ಬಂದರೂ ಬೀಜಕ್ಕೆ ಅಂತ ಆರಿಸಿಟ್ಟ ಗಡ್ಡಿ ಮಾರಲ್ಲ. ಮುಂದಿನ ಬೆಳೆ ಬರಬೇಕಾದದ್ದು ಅದರಿಂದ. ನಿಮ್ಮ ಫೈಲುಗಳಲ್ಲಿ ಬೀಜದ ಗಡ್ಡಿ ಯಾವುದು ಅಂತ ಆರಿಸೋದು ನಿಮ್ಮ ಕೆಲಸ. ಲೆಕ್ಕ ಹಾಕಿದರೆ ಅದು ಒಂದು ಹಾರ್ಡ್ ಡಿಸ್ಕಿಗಿಂತ ಹೆಚ್ಚು ಇರಲ್ಲ.

ಆರಿಸಿಟ್ಟು ಮರೆತರೂ ಆಗಲ್ಲ. ಬೇಸಿಗೆ ಉಳ್ಳಾಗಡ್ಡಿಯನ್ನು ಇಲ್ಲಿ ಗಾಳಿಯಾಡುವ ಚಾಳಿನಲ್ಲಿ ತಿಂಗಳುಗಟ್ಟಲೆ ಇಡ್ತಾರೆ. ಆಗಾಗ ನೋಡಿ ಕೊಳೆತದ್ದನ್ನು ತೆಗೀತಾರೆ, ಇಲ್ಲದಿದ್ದರೆ ಪಕ್ಕದ್ದೂ ಹಾಳು. ಡಿಸ್ಕುಗಳೂ ಸಾಯ್ತವೆ, ಮನೆಯಲ್ಲಿ ಬರ್ನ್ ಮಾಡಿದ ಸಿಡಿಗಳಂತೂ ಕಪಾಟಿನಲ್ಲಿ ಕೂತಲ್ಲೇ ಕೆಡ್ತವೆ. ಹಾಗಾಗಿ ಮೂಲದ ಎರಡು ಪ್ರತಿ ಎರಡು ಡಿಸ್ಕಿನಲ್ಲಿರಲಿ, ಒಂದು ಬೇರೆ ಮನೆಯಲ್ಲಿರಲಿ. ವರ್ಷಕ್ಕೊಂದು ಸಲ, ಯುಗಾದಿಗೋ ದೀಪಾವಳಿಗೋ, ಹಚ್ಚಿ ತೆರೆದು ನೋಡಿ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ನಕಲು ಮಾಡಿ. ಇದು ಬರೀ ನಕಲು, ಕನ್ವರ್ಟ್ ಅಲ್ಲ. ನೂರು ಸಲ ನಕಲು ಮಾಡಿದರೂ ಚಿತ್ರ ಕೆಡಲ್ಲ.

ಚಿಕ್ಕ ಪ್ರತಿ ಎಷ್ಟು ಬೇಕಾದರೂ ಮಾಡಿ, ಹಂಚಿ, ಸಂತೋಷಪಡಿ. ಅಳಿಸೋ ಬಟನ್ ಒತ್ತೋ ಮುಂಚೆ ಮಾತ್ರ ಇದರ ಮೂಲ ಇನ್ನೆಲ್ಲಾದರೂ ಇದೆಯಾ ಅಂತ ಒಂದು ಸಲ ಕೇಳಿಕೊಳ್ಳಿ. ಇಲ್ಲ ಅಂದರೆ ದಯವಿಟ್ಟು ಕೈ ಹಿಂದೆ ತಗೊಳ್ಳಿ.